ಬೆಳ್ಳಕ್ಕಿಯ ಕೆಳಗಿನ ಸಾಲು

ಆ ಬೇಸಿಗೆ ನನಗೆ ಎಷ್ಟಕ್ಕೆ ಬಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ವ್ಯಾಪಾರಸ್ಥ, ದರ ಮೊದಲು, ಮಾತು ಆಮೇಲೆ. ದೇವದುರ್ಗದ ರಸ್ತೆಯುದ್ದಕ್ಕೂ ಇದ್ದ ನನ್ನ ಜಾಹೀರಾತಿನ ಗೋಡೆಗಳಿಗೆಲ್ಲ ಸುಣ್ಣ, ಪೇಂಟರ್ ಖಾಜಾಸಾಬನ ಕೂಲಿ, ಮುಂಬಯಿಗೆ ಹೋದ ರಿಜಿಸ್ಟರ್ ಪತ್ರದ ಖರ್ಚು, ಎಲ್ಲ ಸೇರಿ ಒಂದು ಭಟ್ಟಿ ಸಾಬೂನು ಕಾಸಿದರೆ ಉಳಿಯುವಷ್ಟು ಲಾಭ ಹೋಯಿತು. ಯಾಕೆ ಹೋಯಿತೆಂದರೆ, ಗೋಡೆಯ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದ ಒಂದು ಬಿಳಿ ಹಕ್ಕಿಯನ್ನು ನನ್ನಿಂದ ನೋಡಲಾಗಲಿಲ್ಲ.

ಹೋದ ತಿಂಗಳು ತಂಗಿಯ ಮೊಮ್ಮಗನ ಜವಳಕ್ಕೆಂದು ದೇವದುರ್ಗಕ್ಕೆ ಹೋಗಿದ್ದೆ. ಬಸ್ಸಿಳಿದು ನಡೆದು ಹೋಗುವಾಗ ರಸ್ತೆ ಅಗಲ ಮಾಡಲು ಒಂದು ಹಳೆಯ ಮನೆ ಕೆಡವುತ್ತಿದ್ದರು. ಧೂಳು ಏಳಬಾರದೆಂದು ಗೋಡೆಗೆ ನೀರು ಹೊಡೆದಿದ್ದರಿಂದ ಹಸಿ ಸುಣ್ಣದ ವಾಸನೆ ಬೀದಿಯನ್ನೆಲ್ಲ ತುಂಬಿತ್ತು. ಆ ವಾಸನೆಗೆ ನನ್ನ ಕಾಲು ತಾನಾಗಿ ನಿಂತಿತು. ವರ್ಷ ವರ್ಷ ಬಳಿದ ಸುಣ್ಣ ಹಪ್ಪಳದಂತೆ ಎದ್ದು ಉದುರಿದ ಜಾಗದಲ್ಲಿ ತೆಳ್ಳನೆಯ ಒಂದು ಕರಿ ಕಾಲು ಕಂಡಿತು. ಹಕ್ಕಿಯ ಕಾಲು. ಆ ಹಕ್ಕಿಯನ್ನು ಬರೆಸಿದವನು ಈಗಿಲ್ಲ, ನನ್ನ ಭಟ್ಟಿಯೂ ಎಂದೋ ನಿಂತಿದೆ. ಆದರೂ ಹೊಟ್ಟೆಯೊಳಗೆ ಆ ಹಳೆಯ ಉರಿ, ನಿನ್ನೆ ಹಚ್ಚಿ ಮುಚ್ಚಿಟ್ಟ ಕೆಂಡದ ಹಾಗೆ, ಮತ್ತೆ ಎದ್ದಿತು.

ನಾನು ಯಾಪಲದಿನ್ನಿಯ ಕುರಿ ಕಾಯುವ ಮನೆತನದವನು. ರಾಯಚೂರಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಹಮಾಲಿ ಮಾಡಿದೆ, ಹತ್ತಿಕಾಳಿನ ಎಣ್ಣೆಯ ಮಿಲ್ಲಿನಲ್ಲಿ ಡಬ್ಬ ಹೊತ್ತೆ, ಅಲ್ಲೇ ಸಾಬೂನು ಕಾಸುವವನೊಬ್ಬನ ಕೈಕೆಳಗೆ ಕೆಲಸ ಕಲಿತೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಊರ ಹೊರಗೆ ತಗಡಿನ ಶೆಡ್ಡು, ಒಂದು ದೊಡ್ಡ ಕಡಾಯಿ ನನ್ನವಾಗಿದ್ದವು. ಬಟ್ಟೆ ಒಗೆಯುವ ಸಾಬೂನು. ಹೆಸರು ಜೋಡಿ ಕೊಡ ಮಾರ್ಕು. ಹತ್ತಿಕಾಳಿನ ಎಣ್ಣೆಗೆ ಸೋಡಾ ಸ್ವಲ್ಪ ಗಟ್ಟಿಯಾಗಿಯೇ ಬೀಳುತ್ತಿತ್ತು. ಎಣ್ಣೆ ತುಟ್ಟಿ, ಸೋಡಾ ಅಗ್ಗ, ಇದರಲ್ಲಿ ಮುಚ್ಚಿಡುವುದೇನಿಲ್ಲ. ಮಾರುಕಟ್ಟೆ ಎಂದರೆ ದೇವದುರ್ಗ ತಾಲ್ಲೂಕು. ಆಗ ಅಲ್ಲಿಗೆ ಕಾಲುವೆ ಬಂದಿರಲಿಲ್ಲ. ಬಾವಿಗಳೆಲ್ಲ ಸವಳು, ಬಾಯಿಗೆ ಹಾಕಿದರೆ ಉಪ್ಪು ಕರಗಿಸಿದ ಹಾಗೆ. ದೊಡ್ಡ ಕಂಪನಿಯ ಸಾಬೂನು ಅಲ್ಲಿ ಒದ್ದಾಡುತ್ತಿತ್ತು, ನನ್ನದು ಸೋಡಾದ ಬಲದಿಂದ ನೊರೆ ಕೊಡುತ್ತಿತ್ತು. ಅದೇ ನನ್ನ ಅನ್ನ.

ಎಂಬತ್ತರ ದಶಕ ಅರ್ಧ ದಾಟಿದಾಗ ಮಾನ್ವಿಯಲ್ಲಿ ಅಮರಪ್ಪ ಎಂಬವನು ಬೆಳ್ಳಕ್ಕಿ ಮಾರ್ಕು ಸಾಬೂನು ತೆಗೆದ. ನೀರಮಾನ್ವಿಯ ಕಡೆಯ ಕಾಲುವೆ ಗದ್ದೆಯ ಮನುಷ್ಯ. ಅಕ್ಕಿ ಮಿಲ್ಲುಗಳಿಂದ ತೌಡಿನ ಎಣ್ಣೆ ತರಿಸಿ ಕಾಸುತ್ತಿದ್ದ. ಸಾಬೂನು ಬೆಣ್ಣೆಯಂತೆ ಬೆಳ್ಳಗೆ. ಮನುಷ್ಯನೂ ಹಾಗೇ. ಬಿಳಿ ಅಂಗಿ, ಬಿಳಿ ಧೋತರ, ಮೋಟಾರ್ ಸೈಕಲ್ಲಿನ ಮೇಲೆ ಎಷ್ಟು ದೂರ ಬಂದರೂ ಮಾಸುತ್ತಿರಲಿಲ್ಲ. ಅಂಗಡಿಗೆ ಬಂದರೆ ಜನ ಎದ್ದು ಜಾಗ ಬಿಡುತ್ತಿದ್ದರು. ಕವಿತಾಳದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವನಿಗೆ ಕೇಳದೆಯೇ ಚಹಾ ಬರುತ್ತಿತ್ತು. ನಾನು ಎರಡು ಸಲ ಕೂಗಬೇಕಾಗುತ್ತಿತ್ತು. ನನ್ನನ್ನು ಬೆನ್ನ ಹಿಂದೆ ಎಲ್ಲರೂ ಸಾಬೂನಿನ ಬಸ್ಯಾ ಎನ್ನುತ್ತಿದ್ದರು, ಅವನು ಮಾತ್ರ ಮೊದಲ ವರ್ಷದಿಂದಲೇ ಅಮರಣ್ಣ.

ಗೋಡೆಗಳ ವಿಷಯ ಹೇಳಬೇಕು. ಆಗ ನಮ್ಮಂಥವರ ಜಾಹೀರಾತು ಎಂದರೆ ರಸ್ತೆ ಬದಿಯ ಮನೆಗೋಡೆ. ನಾನು ಮನೆಯವರ ಜೊತೆ ಚೌಕಾಸಿ ಮಾಡಿ, ಒಂದೆರಡು ಬಾರು ಸಾಬೂನು ಕೊಟ್ಟು ಗೋಡೆ ಹಿಡಿಯುತ್ತಿದ್ದೆ. ಅಮರಪ್ಪ ಚೌಕಾಸಿಯನ್ನೇ ಮಾಡಲಿಲ್ಲ. ಯುಗಾದಿಗೆ ಮುಂಚೆ ಬಂದು, ಮನೆಯ ಮುಂಭಾಗಕ್ಕೆಲ್ಲ ತನ್ನ ಖರ್ಚಿನಿಂದ ಸುಣ್ಣ ಹೊಡೆಸಿಕೊಟ್ಟು, ಮೂಲೆಯಲ್ಲಿ ಮಾತ್ರ ಹಕ್ಕಿ ಬರೆಸುತ್ತಿದ್ದ. ಹಬ್ಬಕ್ಕೆ ಪುಕ್ಕಟೆ ಸುಣ್ಣ ಯಾರಿಗೆ ಬೇಡ? ನನಗೆ ಅದು ಹೊಳೆಯಲಿಲ್ಲವಲ್ಲ ಎಂದು ಇಂದಿಗೂ ಕೈ ಹಿಸುಕಿಕೊಳ್ಳುತ್ತೇನೆ.

ಬರೆಯುವವನು ಒಬ್ಬನೇ, ಖಾಜಾಸಾಬ, ಇಬ್ಬರಿಗೂ. ನನ್ನ ಜೋಡಿ ಕೊಡ ಅವನ ಕೈಯಲ್ಲಿ ಬದನೆಕಾಯಿಯಾಗುತ್ತಿದ್ದವು. ಅಮರಪ್ಪನ ಬೆಳ್ಳಕ್ಕಿ ಮಾತ್ರ ಇನ್ನೇನು ಹಾರುತ್ತದೆ ಎನ್ನುವಂತಿತ್ತು. ಕೇಳಿದ್ದಕ್ಕೆ, "ಸಾವ್ಕಾರ್, ಆ ಹಕ್ಕಿ ಬರಿಯೋವಾಗ ಕೈ ತಾನ ಓಡ್ತದ. ನಿಮ್ ಕೊಡ ಬರಿಯೋವಾಗ ನೀವ ಬಾಜೂಕ ನಿಂತು ಬಣ್ಣ ಎಷ್ಟು ಹತ್ತಾಕತ್ತದ ಅಂತ ನೋಡ್ತೀರಿ," ಎಂದ.

ಮಾನ್ವಿ ಕಡೆ ಅವನು ಏನು ಮಾಡಿದರೂ ನಾನು ಸಹಿಸಿಕೊಂಡೆ. ಆದರೆ ನಾನು ಹೇಳುತ್ತಿರುವ ಆ ಬೇಸಿಗೆಯ ವರ್ಷ, ಯುಗಾದಿಗೆ ಹಕ್ಕಿ ದೇವದುರ್ಗದ ರಸ್ತೆಗೆ ಬಂತು. ಅದರ ಕೆಳಗೆ ಒಂದು ಸಾಲು: ಯಾವ ನೀರಾದರೂ ಸರಿ, ನೊರೆ ಖಾತ್ರಿ. ಇದೇ ಸಾಲು ಹಕ್ಕಿಯ ಸಮೇತ ಒಂದು ದಿನಪತ್ರಿಕೆಯಲ್ಲೂ ಬಂತು. ದೇವದುರ್ಗದ ಅಂಗಡಿಗಳವರು ನನ್ನ ಮಾಲು ಇಳಿಸುವಾಗ, ಸ್ವಲ್ಪ ಕಡಿಮೆ ಹಾಕಿರಿ ಎನ್ನತೊಡಗಿದರು. ದೇವದುರ್ಗ ಹೋದರೆ ನನಗೆ ಇನ್ನೊಂದು ಊರಿರಲಿಲ್ಲ. ಭಟ್ಟಿ ಆರಿದರೆ ಮತ್ತೆ ಗಂಜಿನ ಪೇಟೆಗೆ ಹೋಗಿ ಮೂಟೆಗೆ ಬೆನ್ನು ಕೊಡಬೇಕು.

ನನ್ನ ತಂಗಿ ಹನುಮವ್ವನನ್ನು ದೇವದುರ್ಗಕ್ಕೇ ಕೊಟ್ಟಿತ್ತು. ಅವಳ ಹಿತ್ತಲ ಬಾವಿ ಊರಿನ ಸವಳಿನಲ್ಲೇ ಸವಳು. ಬೇಸಿಗೆಯಲ್ಲಿ ನೀರು ಕೆಳಗಿಳಿದಷ್ಟೂ ಉಪ್ಪು ಏರುತ್ತಿತ್ತು. ಒಂದು ಬೆಳ್ಳಕ್ಕಿ ಬಾರು ಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. ಒಗೆಯುವ ಕಲ್ಲಿನ ಮೇಲೆ ತಿಕ್ಕಿದಳು, ತಿಕ್ಕಿದಳು; ನೊರೆ ಬರಲಿಲ್ಲ. ಒಡೆದ ಹಾಲಿನಂತೆ ಚೂರು ಚೂರಾಗಿ ಬಟ್ಟೆಗೆ ಅಂಟಿಕೊಂಡಿತು. ಆ ದಿನ ನಾನು ತಂಗಿಯ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಈಗ ಮಾಡುವುದೇನು? ಗೋಡೆಯ ಮುಂದೆ ನಿಂತು ಇವನು ಸುಳ್ಳುಗಾರ ಎಂದು ಕೂಗಿದರೆ, ಹೊಟ್ಟೆಕಿಚ್ಚಿನವನು ಎಂದು ಜನ ನಗುತ್ತಾರೆ. ರಾಯಚೂರಿನಲ್ಲಿ ಪತ್ರಿಕೆಗಳಿಗೆ ಜಾಹೀರಾತು ಹಿಡಿದುಕೊಡುವ ಏಜೆಂಟರಿದ್ದರು, ರಾಮಚಂದ್ರರಾಯರು. ಅವರ ಹತ್ತಿರ ಹೋಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸುರುವಿದೆ. ಅವರು ಹೊಸದೊಂದು ಸಂಗತಿ ಹೇಳಿದರು. ಜಾಹೀರಾತು ಕೊಡುವ ಕಂಪನಿಯವರು, ಅದನ್ನು ಬರೆಯುವವರು, ಅಚ್ಚು ಹಾಕುವ ಪತ್ರಿಕೆಯವರು ತಾವು ತಾವೇ ಕೂಡಿ ಮುಂಬಯಿಯಲ್ಲಿ ಒಂದು ಮಂಡಳಿ ಕಟ್ಟಿಕೊಂಡಿದ್ದಾರಂತೆ. ಸರ್ಕಾರಕ್ಕೆ ಸಂಬಂಧವಿಲ್ಲ. ಸುಳ್ಳು ಜಾಹೀರಾತಿನಿಂದ ಎಲ್ಲರ ಜಾಹೀರಾತಿನ ಮೇಲೂ ಜನರ ನಂಬಿಕೆ ಹೋಗುತ್ತದೆ, ಆದ್ದರಿಂದ ನಮ್ಮ ಅಂಗಳ ನಾವೇ ಗುಡಿಸಿಕೊಳ್ಳೋಣ ಎಂಬ ಲೆಕ್ಕ. ಯಾರಾದರೂ ದೂರು ಬರೆದರೆ, ಆ ಮಾತಿಗೆ ಆಧಾರವೇನು ಎಂದು ಜಾಹೀರಾತು ಕೊಟ್ಟವನನ್ನು ಕೇಳುತ್ತಾರೆ. ಅವನ ಉತ್ತರ ಬಂದ ಮೇಲೆ ಒಂದಿಷ್ಟು ಜನ ಕೂತು ದೂರು ಸರಿಯೋ ಅಲ್ಲವೋ ಎಂದು ತೀರ್ಮಾನಿಸುತ್ತಾರೆ.

"ದಂಡ ಎಷ್ಟ ಹಾಕ್ತಾರ್ರಿ?" ಎಂದು ಕೇಳಿದೆ.

"ದಂಡ ಇಲ್ಲ."

"ಜೇಲು?"

"ಅದೂ ಇಲ್ಲ. ಮಾತು ತಿದ್ದು ಅಂತಾರ, ಇಲ್ಲಾ ತಗಿ ಅಂತಾರ. ಕೇಳಲಿಲ್ಲ ಅಂದ್ರ ಪತ್ರಿಕೆಯವರು ಅಚ್ಚು ಹಾಕೂದು ಬಿಡತಾರ."

"ಮತ್ತ ಗ್ವಾಡಿ?"

ರಾಯರು ಕನ್ನಡಕ ಒರೆಸಿಕೊಂಡರು. "ಗ್ವಾಡಿ ಅವರ ಕೈಗೆ ನಿಲುಕಂಗಿಲ್ಲ ಬಸಪ್ಪ. ಆದ್ರ ಪತ್ರಿಕೆಯೊಳಗೂ ಅದ ಸಾಲು ಅದ ಅಲ್ಲ? ಅದನ್ನ ಹಿಡಿಯೂಣು."

ಪೊಲೀಸಿಲ್ಲದ, ದಂಡವಿಲ್ಲದ ಈ ನ್ಯಾಯ ನನಗೆ ತಮಾಷೆಯಾಗಿ ಕಂಡಿತು. ಕೋರ್ಟಿಗಿಂತ ಅಗ್ಗವಾಗಿತ್ತು, ಅದಕ್ಕೆ ಒಪ್ಪಿದೆ. ನಾನು ಹೇಳುತ್ತಾ ಹೋದೆ: ಈ ಅಮರಪ್ಪ ಎಂಥವನು, ಸುಣ್ಣದ ಆಸೆ ತೋರಿಸಿ ಊರು ಹಾಳು ಮಾಡುತ್ತಾನೆ, ಧೋತರ ನೋಡಿ ಮೋಸಹೋಗಬೇಡಿ. ರಾಯರು ಎಲ್ಲ ಕೇಳಿಸಿಕೊಂಡು ಒಂದಕ್ಷರವನ್ನೂ ಟೈಪ್ ಮಾಡಲಿಲ್ಲ. "ಮನುಷ್ಯಾನ್ನ ಬಿಡ್ರಿ, ಮಾತು ಹಿಡೀರಿ," ಎಂದರು. ಕಡೆಗೆ ಪತ್ರದಲ್ಲಿ ಉಳಿದದ್ದು ಇಷ್ಟೇ: ಜಾಹೀರಾತಿನ ಕತ್ತರಿಸಿದ ತುಂಡು, ಅದರಲ್ಲಿ ಹೇಳಿದ ಮಾತು, ಸವಳು ನೀರಿನಲ್ಲಿ ಆ ಮಾತು ನಿಲ್ಲುವುದಿಲ್ಲ, ಆಧಾರ ಕೇಳಬೇಕು. ನನಗೆ ಬೇಸರವಾಯಿತು. ಅಷ್ಟು ಸಿಟ್ಟಿಗೆ ಇಷ್ಟು ಸಣ್ಣ ಕಾಗದ!

ಮನೆಯಲ್ಲಿ ಹೆಂಡತಿ ಶಾಂತವ್ವನಿಗೆ ಹೇಳಿದಾಗ ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತದೆಯೇ, "ಆತನ ನೊರಿ ನೋಡ್ಯಾರು, ನಮ್ಮದು ನೋಡಂಗಿಲ್ಲೇನು?" ಎಂದಳು. ನಮ್ಮದರಲ್ಲಿ ನೋಡುವುದೇನಿದೆ ಎಂದು ಎದ್ದು ಹೋದೆ. ಅವಳ ಮಾತಿನ ತೂಕ ತಿಳಿದದ್ದು ಆಮೇಲೆ.

ಬಿಸಿಲು ತಲೆ ಸೀಳುವಂಥ ಮೇ ತಿಂಗಳ ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಮೋಟಾರ್ ಸೈಕಲ್ ನಿಂತಿತು. ಅಮರಪ್ಪ. ಕೈಯಲ್ಲಿ ಮುಂಬಯಿಯಿಂದ ಬಂದ ಪತ್ರ. ದೂರು ಕೊಟ್ಟವರ ಹೆಸರನ್ನು ಅವರು ಹೇಳಿದ್ದರೋ ಇಲ್ಲವೋ ಗೊತ್ತಿಲ್ಲ. ದೇವದುರ್ಗಕ್ಕೆ ಸಾಬೂನು ಕಾಸಿ ಮಾರುವವರು ನಾವಿಬ್ಬರೇ ಎಂದಮೇಲೆ ಹೇಳುವ ಅಗತ್ಯವೂ ಇರಲಿಲ್ಲ. ನಾನು ಜಗಳಕ್ಕೆ ಸಿದ್ಧನಾಗಿ, ಕಡಾಯಿ ಕಲಕುವ ಕೋಲು ಕೆಳಗಿಡದೆ ನಿಂತೆ. ಅವನು ನೀರು ಕೇಳಿ ಕುಡಿದ. ಆಮೇಲೆ ಹೈದರಾಬಾದಿನ ಪ್ರಯೋಗಾಲಯದ ಕಾಗದ ತೆಗೆದು ನನ್ನ ಮುಂದೆ ಹಿಡಿದ. ಕಾಲುವೆ ನೀರು, ಕೆರೆ ನೀರು, ಬಾವಿ ನೀರು, ಮೂರರಲ್ಲೂ ಪರೀಕ್ಷೆ ಮಾಡಿಸಿದ್ದ. ಮೂರರಲ್ಲೂ ನೊರೆ.

"ಎಲ್ಲಿ ಬಾವಿರಿ ಇದು?" ಎಂದೆ.

"ನಮ್ಮ ಹೊಲದ್ದು."

"ಕಾಲುವಿಗೆ ಎಷ್ಟು ದೂರ?"

ಅವನು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಮತ್ತೆ ಮೊದಲಿನಿಂದ ಓದಿದ. ಅವನ ಬಾವಿಗೆ ಬಸಿಯುತ್ತಿದ್ದದ್ದು ಕಾಲುವೆಯ ನೀರೇ, ಕೆರೆಗೆ ಬೀಳುತ್ತಿದ್ದದ್ದೂ ಅದೇ. ಮೂರು ಸೀಸೆಗಳಲ್ಲಿ ಒಂದೇ ನೀರನ್ನು ಹೈದರಾಬಾದಿಗೆ ಕಳಿಸಿದ್ದ. ಕಾಲುವೆಯ ಬದಿಯಲ್ಲಿ ಹುಟ್ಟಿದವನಿಗೆ ಲೋಕದ ನೀರೆಲ್ಲ ಸಿಹಿ. ಮೋಸ ಮಾಡಿದ್ದರೆ ನನಗೆ ಎಷ್ಟು ಸುಖವಾಗುತ್ತಿತ್ತು! ಇವನು ಮೋಸವನ್ನೂ ಮಾಡಿರಲಿಲ್ಲ.

"ನಿಮ್ಮ ದೇವದುರ್ಗದ ನೀರು ತೋರಸ್ರಿ ಬಸಣ್ಣಾರ," ಎಂದ. ಮೋಟಾರ್ ಸೈಕಲ್ಲಿನ ಹಿಂದೆ ನನ್ನನ್ನೇ ಕೂಡಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಅವನ ಹಕ್ಕಿಗಳು ಒಂದಾದಮೇಲೊಂದು ಎದುರಾಗುತ್ತಿದ್ದವು. ಅವುಗಳ ನಡುವೆ ಅಲ್ಲಲ್ಲಿ ನನ್ನ ಬದನೆಕಾಯಿಗಳು.

ಹನುಮವ್ವನ ಹಿತ್ತಲಲ್ಲಿ ಅವನು ಮೊದಲು ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ಉಗುಳಿದ. ಆಮೇಲೆ ಮೈಮೇಲಿನ ಅಂಗಿಯನ್ನೇ ಬಿಚ್ಚಿ, ತನ್ನ ಸಾಬೂನಿನಿಂದ ತಾನೇ ತಿಕ್ಕಿದ. ಒಡೆದ ಹಾಲು. ಅಷ್ಟು ಬಿಳಿಯ ಅಂಗಿಯ ಮೇಲೆ ಬೂದು ಬಣ್ಣದ ಚೂರುಗಳು ಅಂಟಿದವು. ಅವನ ಮುಖ ಸಣ್ಣಗಾಗುವುದನ್ನು ಕಾಯುತ್ತಿದ್ದೆ. ಅವನು ಬನಿಯನ್ನಿನಲ್ಲೇ ಕೂತು, ತಂಗಿಯ ಕಡೆ ತಿರುಗಿ, ಇಂಥ ನೀರಿನಲ್ಲಿ ದಿನಾ ಹೇಗೆ ಒಗೆಯುತ್ತೀಯಮ್ಮ ಎಂದು ಕೇಳಿದ.

ಹನುಮವ್ವ ಎರಡೂ ಅಂಗೈ ತೋರಿಸಿದಳು. ಬೇಸಿಗೆಯ ಕರಿಮಣ್ಣಿನ ಹಾಗೆ ಬಿರುಕು ಬಿಟ್ಟಿದ್ದವು. "ಅಣ್ಣಂದು ನೊರಿ ಬರ್ತದ, ಕೈ ಸುಡ್ತದ. ನಿಮ್ಮದು ಕೈ ಸುಡಂಗಿಲ್ಲ, ನೊರಿ ಬರಂಗಿಲ್ಲ. ಇಬ್ರೂ ಕೂಡಿ ಒಂದ ಮಾಡಬಾರದೇನ್ರಿ?"

ಅಮರಪ್ಪ ನಕ್ಕ. ನಾನು ನಗಲಿಲ್ಲ, ಏಕೆಂದರೆ ಅವನು ಆ ಅಂಗೈಗಳನ್ನು ನೋಡಿದ ಮೇಲೆ ನನ್ನನ್ನೂ ನೋಡಿದ್ದ. ನನ್ನ ಗೋಡೆಗಳ ಮೇಲೆ ಕೊಡಗಳ ಕೆಳಗೆ ಏನು ಬರೆಸಿದ್ದೆ ಎಂದು ಇಲ್ಲಿಯವರೆಗೆ ಹೇಳಿಲ್ಲ. ಕೈಗೆ ಮೃದು, ಬಟ್ಟೆಗೆ ಬೆಳಕು.

ವಾಪಸು ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ, ಒಣಗಿ ಸೆಟೆದ ಅಂಗಿ ತೊಟ್ಟುಕೊಳ್ಳುತ್ತ ಅವನು ಹೇಳಿದ: "ನಿಮ್ಮ ಗ್ವಾಡಿನೂ ಓದೀನ್ರಿ ಬಸಣ್ಣಾರ. ಮುಂಬಯಿಗೆ ಬರಿಯೂದು ನನಗೂ ಬರ್ತದ. ಬರಿಯಂಗಿಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದೂರು ಬರೆದಿದ್ದರೆ, ಗೋಡೆ ಮುಂಬಯಿಯ ಕೈಗೆ ನಿಲುಕದು ಎಂದು ಸಂತೋಷದಿಂದ ಎದುರು ವಾದ ಹೂಡುತ್ತಿದ್ದೆ. ಬರೆಯಬಲ್ಲೆ, ಆದರೂ ಬರೆಯುವುದಿಲ್ಲ ಎಂದು ಅವನು ಕೊಟ್ಟ ಆ ದಾನವನ್ನು ಎಲ್ಲಿ ಇಟ್ಟುಕೊಳ್ಳಲಿ? ಆ ರಾತ್ರಿಯೇ ನಿಶ್ಚಯಿಸಿದೆ: ಅವನ ದಯೆಯ ಮೇಲೆ ನನ್ನ ಗೋಡೆ ನಿಲ್ಲಬಾರದು. ಮುಂಬಯಿಯ ತೀರ್ಮಾನ ಬರಲಿ, ಅವನು ಸೋತದ್ದು ಊರಿಗೆಲ್ಲ ಗೊತ್ತಾಗಲಿ, ಆಮೇಲೆ ನನ್ನ ಸಾಲು ನಾನೇ ಸದ್ದಿಲ್ಲದೆ ಅಳಿಸುತ್ತೇನೆ ಎಂದು ಲೆಕ್ಕ ಹಾಕಿದೆ. ಅಲ್ಲೇ ನಾನು ಎಡವಿದ್ದು.

ತೀರ್ಮಾನ ಬರುವುದಕ್ಕೆ ಅವನು ಕಾಯಲಿಲ್ಲ. ನಾವು ದೇವದುರ್ಗದಿಂದ ಬಂದ ವಾರದಲ್ಲೇ ಮುಂಬಯಿಗೆ ಉತ್ತರ ಬರೆದನಂತೆ: ಪರೀಕ್ಷೆ ಮಾಡಿಸಿದ ನೀರು ಒಂದೇ ಬಗೆಯದು, ಸವಳು ನೀರಿನಲ್ಲಿ ಮಾತು ನಿಲ್ಲುವುದಿಲ್ಲ, ಹಿಂತೆಗೆದುಕೊಳ್ಳುತ್ತೇನೆ. ಖಾಜಾಸಾಬ ಬಂದು ಸುದ್ದಿ ಕೊಟ್ಟ. ಮುಂಗಾರು ಬೀಳುವುದರೊಳಗೆ ದೇವದುರ್ಗ ರಸ್ತೆಯ ಎಲ್ಲ ಗೋಡೆಗಳಿಗೆ ಮತ್ತೆ ಸುಣ್ಣ ಹೊಡೆಯಬೇಕು, ಹಕ್ಕಿ ಉಳಿಸಿ ಕೆಳಗಿನ ಸಾಲು ಅಳಿಸಬೇಕು, ಹೊಸ ಸಾಲು ಬರೆಯಬೇಕು. ಹೊಸ ಸಾಲು ಯಾವುದೆಂದು ಕೇಳಿದೆ. ಅವನು ಬೀಡಿ ಆರಿಸಿ ಹೇಳಿದ: "ಸಿಹಿ ನೀರಿಗೆ ಮಾತ್ರ. ಸವಳು ನೀರಿಗೆ ಅಲ್ಲ."

"ಹುಚ್ಚ ಹಿಡದದೇನು ಆತಗ? ಸವಳು ನೀರಿನ ಊರಾಗ ಹಂಗ ಬರಸ್ತಾನ?"

"ನಾನೂ ಹಂಗ ಅಂದೆ ಸಾವ್ಕಾರ್. ಮುಂಬಯಿಯವ್ರು ಗ್ವಾಡಿ ನೋಡಂಗಿಲ್ಲ ಅಂತನೂ ಅಂದೆ. ದೇವದುರ್ಗದವ್ರು ನೋಡ್ತಾರಲ್ಲೋ ಅಂದ್ರು ಅಮರಣ್ಣಾರು."

ದಂಡವಿಲ್ಲ, ಪೊಲೀಸಿಲ್ಲ, ಕೈಗೆ ನಿಲುಕದ ಗೋಡೆ. ಅಂಥದ್ದಕ್ಕೂ ಒಬ್ಬ ಮನುಷ್ಯ ತನ್ನ ಸುಣ್ಣ ಕಲಸುತ್ತಾನೆ ಎಂದರೆ, ಅವನನ್ನು ಇನ್ನು ಯಾವ ಕಡೆಯಿಂದ ಹಿಡಿಯುವುದು?

ಮೊದಲ ಮಳೆ ಬಿದ್ದ ಮೇಲೆ ಮುಂಬಯಿಯ ಪತ್ರ ಬಂತು. ದೂರನ್ನು ಎತ್ತಿಹಿಡಿಯಲಾಗಿದೆ, ಜಾಹೀರಾತುದಾರರು ಮಾತನ್ನು ಹಿಂತೆಗೆದುಕೊಂಡಿದ್ದಾರೆ. ರಾಯರು ಓದಿ ಹೇಳಿ, ಗೆದ್ದಿರಲ್ಲ ಎಂದರು. ಪತ್ರವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಇಳಿದು ನೋಡಿದರೆ ಬೆರಳು ಮಾಡಿ ತೋರಿಸಲು ಆ ಹಳೆಯ ಸಾಲೇ ಇಲ್ಲ. ಮಳೆಯಲ್ಲಿ ತೊಳೆದ ಬಿಳಿ ಗೋಡೆಗಳು, ಅವೇ ಹಕ್ಕಿಗಳು, ಕೆಳಗೆ ಹೊಸ ಸಾಲು. ಜನ ನಿಂತು ಓದುತ್ತಿದ್ದರು. ತನ್ನ ಮಾಲು ನಿಮಗೆ ಬೇಡ ಎಂದು ಬರೆಸಿದ ವ್ಯಾಪಾರಸ್ಥನನ್ನು ಅವರು ಎಂದೂ ನೋಡಿರಲಿಲ್ಲ.

ಪತ್ರ ಬಂದ ಕೂಡಲೇ, ಆ ಬಸ್ಸು ಹತ್ತುವ ಎರಡು ದಿನ ಮೊದಲು, ನಾನು ಖಾಜಾಸಾಬನನ್ನು ಹಿಡಿದು ನನ್ನ ಗೋಡೆಗಳ ಮೇಲಿನ ಕೈಗೆ ಮೃದು ಎಂಬುದಕ್ಕೂ ಸುಣ್ಣ ಹೊಡೆಸಿದ್ದೆ. ಬರೆಯುವುದಕ್ಕಿಂತ ಅಳಿಸುವುದಕ್ಕೆ ಹೆಚ್ಚು ಕೇಳಿದ. ಎಷ್ಟು ಜಗ್ಗಾಡಿದರೂ ಇಳಿಯಲಿಲ್ಲ. ತುರ್ತು ಯಾರಿಗಿದೆ ಎಂದು ಅವನಿಗೆ ಗೊತ್ತಿತ್ತು. ಪೂರ್ತಿ ಗೋಡೆಗೆ ಹೊಡೆಸಲು ಕೈ ಬರಲಿಲ್ಲ, ಸಾಲಿನ ಮೇಲಷ್ಟೇ ಹೊಡೆಸಿದೆ. ಮಣ್ಣು ಬಣ್ಣದ ಗೋಡೆಯ ಮೇಲೆ ಅದು ಪಟ್ಟಿ ಕಟ್ಟಿದ ಗಾಯದ ಹಾಗೆ ಕಾಣುತ್ತಿತ್ತು.

ನನ್ನ ಮಾಲು ಹೆಚ್ಚು ಹಾಕಿಕೊಳ್ಳುತ್ತಿದ್ದ ಅಂಗಡಿಯ ಶರಣಪ್ಪನ ಮುಂದೆ ಮುಂಬಯಿಯ ಪತ್ರ ಬಿಡಿಸಿಟ್ಟೆ. ಇಂಗ್ಲಿಷು. ಅವನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಪಟ್ಟಿ ಕಟ್ಟಿದ ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಮೆಲ್ಲಗೆ ಕೇಳಿದ: "ಇದು ನಿಮಗ ಬಂದ ನೋಟೀಸೇನ್ರಿ ಸಾವ್ಕಾರ್ರ? ಅಮರಣ್ಣ ಪಾಪ, ಯಾರೂ ಹೇಳದ ತಾನ ಅಳಿಸ್ಯಾನ."

ಪತ್ರವನ್ನು ಮಡಚಿ ಒಳಗಿಟ್ಟೆ. ಯಾರಿಗೆ ಎಂದು ವಿವರಿಸುವುದು?

ಭಟ್ಟಿ ಆರಲಿಲ್ಲ, ಅದನ್ನೂ ಹೇಳಬೇಕು. ಸವಳು ನೀರಿಗೆ ಬೆಳ್ಳಕ್ಕಿ ಅಲ್ಲ ಎಂದು ಬೆಳ್ಳಕ್ಕಿಯೇ ಸಾರಿದ ಮೇಲೆ ದಿನದ ಬಟ್ಟೆಗೆ ಜನ ನನ್ನ ಸಾಬೂನಿಗೇ ಬಂದರು. ಶರಣಪ್ಪ ಮತ್ತೆ ಮೊದಲಿನಷ್ಟೇ ಮಾಲು ಹಾಕಿಸಿಕೊಂಡ. ಲೆಕ್ಕದಲ್ಲಿ ಗೆದ್ದವನು ನಾನೇ. ಆದರೆ ಆ ಮಳೆಗಾಲದಲ್ಲಿ ದೇವದುರ್ಗದ ಹೆಂಗಸರು ಹೊಸ ರೂಢಿ ಹಾಕಿಕೊಂಡರು. ಮಾಳಿಗೆಯಿಂದ ಇಳಿಯುವ ಮಳೆನೀರನ್ನು ಕೊಡಗಳಲ್ಲಿ ಹಿಡಿದಿಟ್ಟು, ಅದರಲ್ಲಿ ಬೆಳ್ಳಕ್ಕಿಯಿಂದ ಹಬ್ಬದ ಸೀರೆ, ಕೂಸಿನ ಬಟ್ಟೆ, ಗಂಡನ ಬಿಳಿ ಅಂಗಿ ಒಗೆಯುವುದು. ಗೊಬ್ಬರದ ಚೀಲ, ಹೊಲದ ಧೋತರ, ಕೌದಿ ನನ್ನ ಪಾಲಿಗೆ. ತೂಕ ನನ್ನದು, ಮರ್ಯಾದೆ ಅವನದು. ನನ್ನ ಮಾರ್ಕು ಜೋಡಿ ಕೊಡ. ಕೊಡ ತುಂಬಿಟ್ಟದ್ದು ಅವನ ಹಕ್ಕಿಗಾಗಿ.

ನಾಗರ ಪಂಚಮಿಗೆ ಶಾಂತವ್ವ ಮದುವೆಯ ರೇಷ್ಮೆ ಸೀರೆ ಉಟ್ಟು ಉಂಡೆಯ ತಟ್ಟೆ ಹಿಡಿದು ಎದುರು ಬಂದಳು. ಸೀರೆಯಿಂದ ತೌಡೆಣ್ಣೆಯ ತಂಪು ವಾಸನೆ. ಸಾಬೂನು ಕಾಸುವವನ ಮೂಗಿಗೆ ಹೇಳಬೇಕೆ? ನಾನು ಸೆರಗಿನ ತುದಿ ಹಿಡಿದು ಮೂಸಿದೆ. ಅವಳು ಉಂಡೆಯನ್ನು ನನ್ನ ಕೈಗಿಟ್ಟು, "ರೇಷ್ಮಿರಿ ಇದು. ಸೋಡಾ ತಡಕೋತದೇನು?" ಎಂದಳು. ನಾನು ಉಂಡೆ ತಿಂದೆ. ಸಿಹಿಯಾಗಿಯೇ ಇತ್ತು.

ಹೋದ ತಿಂಗಳು ಆ ಗೋಡೆಯ ಮುಂದೆ ನಿಂತಾಗ ಕೆಡವುವವರು ಇನ್ನೊಂದು ಏಟು ಹಾಕಿದರು. ಹಕ್ಕಿಯ ಕಾಲು ಬಿತ್ತು, ಅದರ ಕೆಳಗಿನ ಪದರು ಒಡೆದು ಖಾತ್ರಿ ಎಂಬ ಪದ ಒಂದು ಕ್ಷಣ ಕಂಡು ಮಣ್ಣಾಯಿತು. ನನ್ನ ಕೊಡಗಳಿದ್ದ ಗೋಡೆಗಳು ಎಲ್ಲಿದ್ದವೆಂದು ಹುಡುಕಿದೆ. ಯಾರಿಗೂ ನೆನಪಿಲ್ಲ. ಬೆಳ್ಳಕ್ಕಿ ಅಮರಣ್ಣನ ಮಾತೆತ್ತಿದರೆ ಮುದುಕರು ಇನ್ನೂ ತಲೆಯಾಡಿಸುತ್ತಾರೆ.

ಆದ್ದರಿಂದ ವ್ಯಾಪಾರ ಮಾಡುವ ನಿಮಗೆ ನಾನು ಹೇಳುವುದಿಷ್ಟು. ಖಾತ್ರಿ ಎಂದು ಬರೆಸುವ ಮೊದಲು, ನಿಮ್ಮ ಮಾಲು ಎಲ್ಲಿ ಸೋಲುತ್ತದೋ ಆ ಊರಿಗೇ ಒಯ್ದು ಪರೀಕ್ಷೆ ಮಾಡಿ. ನಿಮ್ಮ ಹಿತ್ತಲಲ್ಲಿ ಎಲ್ಲವೂ ಪಾಸಾಗುತ್ತದೆ. ಇನ್ನೊಬ್ಬರ ಮೇಲೆ ದೂರು ಬರೆಯುವುದಾದರೆ ಅವರ ಮಾತನ್ನಷ್ಟೇ ಬರೆಯಿರಿ, ಧೋತರದ ಸುದ್ದಿ ಬೇಡ. ದೂರಿನ ಲಕೋಟೆಗೆ ಅಂಟು ಹಚ್ಚುವ ಮೊದಲು ಮನೆಗೆ ಹೋಗಿ ನಿಮ್ಮದೇ ಗೋಡೆಯನ್ನು ಒಮ್ಮೆ ಓದಿ, ಹೆಂಡತಿಗೂ ಓದಿಸಿ. ಅಳಿಸುವ ಸಾಲು ನಿಮ್ಮದರಲ್ಲೂ ಇದ್ದರೆ, ಯಾರ ತೀರ್ಮಾನಕ್ಕೂ ಕಾಯದೆ ಅವತ್ತೇ ಸುಣ್ಣ ಕಲಸಿ, ಪೂರ್ತಿ ಗೋಡೆಗೆ ಹೊಡೆಸಿ, ಜಿಪುಣತನ ಮಾಡಬೇಡಿ. ಮೊದಲು ಅಳಿಸಿದವನಿಗೆ ಊರು ಸಿಗುತ್ತದೆ. ಎರಡನೆಯವನಿಗೆ ಸುಣ್ಣದ ಖರ್ಚು ಮಾತ್ರ.